ಟ್ರಾವೆಲ್ ಟ್ರೇಲರ್: ಡ್ರಮ್ಮಿನೊಳಗಿನ ಬ್ರೇಕು, ಬೇರಿಂಗುಗಳ ವಾರ್ಷಿಕ ತಪಾಸಣೆ

ಪಿಕಪ್ ಟ್ರಕ್ಕಿಗೋ ದೊಡ್ಡ ಎಸ್‌ಯುವಿಗೋ ಕೊಂಡಿ ಹಾಕಿ ಎಳೆದೊಯ್ಯುವ ಟ್ರಾವೆಲ್ ಟ್ರೇಲರ್ ಎಂಬುದು ಹಾಸಿಗೆ, ಒಲೆ, ಬಚ್ಚಲು, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತ, ಆದರೆ ಸ್ವಂತ ಎಂಜಿನ್ ಇಲ್ಲದ, ಗಾಲಿಗಳ ಮೇಲಿನ ಮನೆಯಾಗಿದ್ದು, ಅಮೆರಿಕದಲ್ಲಿ ಇದರ ತಯಾರಿಕೆ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಬೀಡುಬಿಟ್ಟಿದೆ. ಬೇಸಿಗೆ ರಜೆಯಲ್ಲಿ ರಾಷ್ಟ್ರೀಯ ಉದ್ಯಾನಗಳ ಕಡೆಗೆ ಹೊರಡುವ ಇಂಥ ಗಾಡಿಗಳನ್ನು ಅಲ್ಲಿ ನೆಲೆಸಿದ ಕನ್ನಡಿಗರಲ್ಲಿಯೂ ಕೆಲವರು ಕೊಂಡಿರುತ್ತಾರೆ ಅಥವಾ ಬಾಡಿಗೆಗೆ ಪಡೆಯುತ್ತಾರೆ. ಎಷ್ಟು ತೂಕದ ಟ್ರೇಲರಿಗೆ ಸ್ವಂತ ಬ್ರೇಕು ಇರಲೇಬೇಕೆಂಬ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದು, ಅನೇಕ ರಾಜ್ಯಗಳಲ್ಲಿ ಅದು 3,000 ಪೌಂಡ್ (ಸುಮಾರು 1,360 ಕಿಲೋ), ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಆಗಿರುವುದರಿಂದ, ತೀರಾ ಪುಟ್ಟ ಮಾದರಿಗಳನ್ನು ಬಿಟ್ಟರೆ ಉಳಿದೆಲ್ಲ ಟ್ರಾವೆಲ್ ಟ್ರೇಲರುಗಳೂ ಬ್ರೇಕು ಹೊಂದಿರುತ್ತವೆ. ಆದರೆ ಬ್ರೇಕು ಇದೆ ಎಂಬುದೂ ಅದು ಹಿಡಿಯುತ್ತಿದೆ ಎಂಬುದೂ ಒಂದೇ ಅಲ್ಲ.

ಕಾರಿನ ಬ್ರೇಕು ಸಡಿಲವಾದರೆ ಚಾಲಕನ ಪಾದಕ್ಕೆ ಅದು ಕೂಡಲೇ ಗೊತ್ತಾಗುತ್ತದೆ. ಟ್ರೇಲರಿನ ಬ್ರೇಕು ಸಂಪೂರ್ಣ ಸತ್ತುಹೋದರೂ ಎಳೆಯುವ ವಾಹನದ ಬ್ರೇಕು ಆ ಹೊರೆಯನ್ನೂ ತಾನೇ ಹೊತ್ತುಕೊಂಡು ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ಹೇಗೋ ನಿಲ್ಲಿಸಿಬಿಡುವುದರಿಂದ, ದೋಷವು ಮೊದಲ ಸಲ ಬಯಲಾಗುವುದು ಉದ್ದನೆಯ ಇಳಿಜಾರಿನಲ್ಲಿಯೋ, ಮುಂದಿನ ವಾಹನ ಹಠಾತ್ತನೆ ನಿಂತಾಗಲೋ ಆಗಿರುತ್ತದೆ. ಬೇರಿಂಗಿನ ವಿಷಯವೂ ಹೀಗೆಯೇ: ಅದು ಕಿರುಗುಟ್ಟುವ ಸದ್ದು ಇಪ್ಪತ್ತು ಅಡಿ ಮುಂದೆ, ಗಾಜು ಏರಿಸಿ ಕುಳಿತವರಿಗೆ ಕೇಳುವುದಿಲ್ಲ. ಆದ್ದರಿಂದ ಟ್ರೇಲರಿನ ಮಟ್ಟಿಗೆ ಚಾಲನೆಯ ಅನುಭವವನ್ನು ನೆಚ್ಚದೆ, ಗಾಲಿಯನ್ನು ಕಳಚಿ, ಕಣ್ಣಿನಿಂದ, ಕೈಯಿಂದ, ಮೀಟರಿನಿಂದ ಪರೀಕ್ಷಿಸುವುದೊಂದೇ ವಿಶ್ವಾಸಾರ್ಹ ಮಾರ್ಗ.

ಅಮೆರಿಕದ ಟ್ರಾವೆಲ್ ಟ್ರೇಲರುಗಳಲ್ಲಿ ಬಹುತೇಕವಾಗಿ ಇರುವುದು ವಿದ್ಯುತ್ ಡ್ರಮ್ ಬ್ರೇಕು. (ಯುರೋಪಿನ ಕಾರವಾನುಗಳಲ್ಲಿ ಟ್ರೇಲರು ಮುಂದಕ್ಕೆ ಒತ್ತುವ ಬಲದಿಂದಲೇ ಸರಳು, ಕೇಬಲ್ಲುಗಳ ಮೂಲಕ ಕೆಲಸ ಮಾಡುವ ಬೇರೆ ವ್ಯವಸ್ಥೆ ಇರುವುದರಿಂದ ಇಲ್ಲಿನ ವಿವರಗಳು ಅವಕ್ಕೆ ಪೂರ್ತಿಯಾಗಿ ಅನ್ವಯಿಸವು.) ಚಾಲಕನ ಮುಂದಿರುವ ಬ್ರೇಕ್ ಕಂಟ್ರೋಲರ್ ಎಂಬ ಪುಟ್ಟ ಉಪಕರಣವು, ಆತ ಪೆಡಲ್ ಒತ್ತಿದಾಗ, ಕೊಂಡಿಯ ಬಳಿಯ ಏಳು ಕಡ್ಡಿಗಳ ಪ್ಲಗ್ಗಿನ ನೀಲಿ ತಂತಿಯ ಮೂಲಕ ಹಿಂದಕ್ಕೆ ವಿದ್ಯುತ್ತನ್ನು ಕಳುಹಿಸುತ್ತದೆ. ಪ್ರತಿ ಗಾಲಿಯ ಡ್ರಮ್ಮಿನೊಳಗೆ, ತಿರುಗದೆ ನಿಂತ ತಟ್ಟೆಯ ಕೆಳಭಾಗದಲ್ಲಿ, ಒಂದು ಸನ್ನೆಯ ತುದಿಗೆ ವಿದ್ಯುತ್ಕಾಂತವನ್ನು ಜೋಡಿಸಿರುತ್ತಾರೆ. ವಿದ್ಯುತ್ ಹರಿದೊಡನೆ ಅದು ತಿರುಗುತ್ತಿರುವ ಡ್ರಮ್ಮಿನ ಚಪ್ಪಟೆ ಮುಖಕ್ಕೆ ಅಂಟಿಕೊಂಡು, ಅದರೊಡನೆ ಸ್ವಲ್ಪ ದೂರ ಎಳೆಯಲ್ಪಟ್ಟು, ಸನ್ನೆಯನ್ನು ವಾಲಿಸಿ, ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಗೋಡೆಗೆ ಒತ್ತುತ್ತದೆ. ಹೀಗೆ ಒತ್ತುವ ಬಲದ ಹೆಚ್ಚಿನ ಪಾಲು ತಿರುಗುವ ಗಾಲಿಯಿಂದಲೇ ಬರುವುದರಿಂದ, ನಿಂತ ಗಾಡಿಯಲ್ಲಿ ಈ ಬ್ರೇಕು ಬಹಳ ದುರ್ಬಲ.

ಡ್ರಮ್ಮಿನ ನಡುವೆ, ಅಚ್ಚಿನ ತುದಿಯಾದ ಸ್ಪಿಂಡಲ್ಲಿನ ಮೇಲೆ, ಒಳಗೊಂದು ಹೊರಗೊಂದು ಎಂಬಂತೆ ಎರಡು ಶಂಕುವಿನಾಕಾರದ ರೋಲರ್ ಬೇರಿಂಗುಗಳು ಕುಳಿತಿರುತ್ತವೆ. 1898ರಲ್ಲಿ ಹೆನ್ರಿ ಟಿಮ್‌ಕಿನ್ ಕುದುರೆಗಾಡಿಗಳ ಅಚ್ಚಿಗಾಗಿ ಪೇಟೆಂಟ್ ಪಡೆದ ವಿನ್ಯಾಸದ ಸಂತತಿಯೇ ಇವು; ಗಾಡಿಯ ಭಾರವನ್ನೂ ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತಡವನ್ನೂ ಒಟ್ಟಿಗೆ ತಾಳುವುದು ಇವುಗಳ ವೈಶಿಷ್ಟ್ಯ. 3,500 ಪೌಂಡ್ ಸಾಮರ್ಥ್ಯದ ಅಚ್ಚಿನಲ್ಲಿ ಸಾಮಾನ್ಯವಾಗಿ ಒಳಗೆ ಎಲ್ 68149, ಹೊರಗೆ ಎಲ್ 44649 ಎಂಬ ಸಂಖ್ಯೆಯ ಬೇರಿಂಗುಗಳಿದ್ದು, ಸಂಖ್ಯೆಯನ್ನು ಬೇರಿಂಗಿನ ಮೇಲೆಯೇ ಕೆತ್ತಿರುವುದರಿಂದ, ಅಂಗಡಿಗೆ ಹೋಗುವ ಮುನ್ನ ಅದನ್ನು ಓದಿಕೊಳ್ಳುವುದು ಅಳತೆ ತೆಗೆಯುವುದಕ್ಕಿಂತ ಸುಲಭ. ಒಳಬೇರಿಂಗಿನ ಹಿಂದೆ ಗ್ರೀಸನ್ನು ತಡೆಹಿಡಿಯುವ ಆಯಿಲ್ ಸೀಲ್ ಇದೆ. ಈ ಸೀಲಿನ ಒಂದು ಕಡೆ ಗ್ರೀಸ್ ಇಲ್ಲದೆ ಉಳಿಯಲಾರದ ಬೇರಿಂಗು, ಇನ್ನೊಂದು ಕಡೆ ಗ್ರೀಸ್ ತಗುಲಿದರೆ ಕೆಲಸಕ್ಕೆ ಬಾರದ ಬ್ರೇಕ್ ಶೂ; ಒಂದು ತೆಳುವಾದ ರಬ್ಬರಿನ ಅಂಚು ಇವೆರಡನ್ನೂ ಬೇರ್ಪಡಿಸಿ ನಿಂತಿರುವುದರಿಂದ, ಬೇರಿಂಗಿನ ಕೆಲಸವನ್ನೂ ಬ್ರೇಕಿನ ಕೆಲಸವನ್ನೂ ಪ್ರತ್ಯೇಕ ದಿನಗಳಿಗೆ ಹಂಚುವುದರಲ್ಲಿ ಅರ್ಥವಿಲ್ಲ.

ಅಚ್ಚು ತಯಾರಿಸುವ ದೊಡ್ಡ ಸಂಸ್ಥೆಗಳಲ್ಲೊಂದಾದ ಡೆಕ್ಸ್‌ಟರಿನ ಕೈಪಿಡಿಯ ಪ್ರಕಾರ, ಬೇರಿಂಗುಗಳನ್ನು 12 ತಿಂಗಳಿಗೊಮ್ಮೆ ಅಥವಾ 12,000 ಮೈಲಿಗೊಮ್ಮೆ (ಸುಮಾರು 19,300 ಕಿ.ಮೀ.), ಯಾವುದು ಮೊದಲೋ ಆಗ, ತೊಳೆದು ಹೊಸ ಗ್ರೀಸ್ ತುಂಬಬೇಕು, ತಾನಾಗಿ ಸರಿಹೊಂದಿಕೊಳ್ಳದ ಬ್ರೇಕುಗಳನ್ನು ಮೊದಲ 200 ಮೈಲಿಗಳ ನಂತರ ಒಮ್ಮೆ, ಆಮೇಲೆ 3,000 ಮೈಲಿಗೊಮ್ಮೆ ಬಿಗಿಮಾಡಬೇಕು. ಟ್ರೇಲರಿನಲ್ಲಿ ದೂರಮಾಪಕ ಇರುವುದಿಲ್ಲವಾದ್ದರಿಂದ ಈ ಮೈಲಿಗಳ ಲೆಕ್ಕವನ್ನು ಮಾಲೀಕನೇ ಒಂದು ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ. ವರ್ಷಕ್ಕೆರಡು ಸಲ ಮಾತ್ರ ಹೊರಬೀಳುವ ಗಾಡಿಗೆ ಪ್ರತಿ ವರ್ಷದ ತಪಾಸಣೆ ಏಕೆಂಬ ಪ್ರಶ್ನೆ ಸಹಜವೇ ಆದರೂ, ಓಡುವ ಗಾಡಿಗಿಂತ ನಿಂತ ಗಾಡಿಯೇ ಹೆಚ್ಚು ಕೆಡುತ್ತದೆ ಎಂಬುದನ್ನು ನೆನಪಿಡಬೇಕು: ಚಳಿಗಾಲದುದ್ದಕ್ಕೂ ಒಂದೇ ಭಂಗಿಯಲ್ಲಿ ನಿಂತ ಬೇರಿಂಗಿನಲ್ಲಿ ಗ್ರೀಸ್ ಕೆಳಕ್ಕಿಳಿದು, ಮೇಲಿನ ರೋಲರುಗಳ ಮೇಲೆ ತೇವ ಕುಳಿತು, ರೋಲರಿನ ಅಗಲದಷ್ಟೇ ತುಕ್ಕಿನ ಗೆರೆ ಮೂಡುತ್ತದೆ, ಮುಂದಿನ ಬೇಸಿಗೆಯಲ್ಲಿ ಆ ಗೆರೆಯಿಂದಲೇ ಲೋಹ ಕಿತ್ತುಬರಲು ಆರಂಭವಾಗುತ್ತದೆ.

ಕೆಲಸವನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಟ್ರೇಲರನ್ನು ವಾಹನಕ್ಕೆ ಕಟ್ಟಿಯೇ ಇಟ್ಟು, ಆದರೆ ವಿದ್ಯುತ್ ಪ್ಲಗ್ಗನ್ನು ಕಿತ್ತು, ಎದುರು ಬದಿಯ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು ಆರಂಭಿಸಬೇಕು. ಜಾಕಿಯನ್ನು ಅಚ್ಚಿನ ಕೊಳವೆಗೆ ಕೊಡಬಾರದು. ಅಚ್ಚು ಒಳಗೆ ಪೊಳ್ಳಾಗಿರುವುದರಿಂದ ಅದು ಬಾಗಿ, ಗಾಲಿಗಳ ನೇರ ತಪ್ಪಿ, ಟೈರುಗಳು ಒಂದೇ ಅಂಚಿನಲ್ಲಿ ಸವೆಯತೊಡಗುತ್ತವೆ. ಚೌಕಟ್ಟಿನ ಉಕ್ಕಿನ ತೊಲೆಗೆ ಜಾಕಿ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇರಿಸಿದ ಮೇಲಷ್ಟೇ ಕೈ ಹಾಕಬೇಕು. ಗಾಲಿ ಬಿಚ್ಚುವ ಮುನ್ನ ಅದನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟರೆ, ಶೂ ಲಘುವಾಗಿ ಸವರುವ ಸಪ್ಪಳ ಬೇರೆ, ಬೇರಿಂಗಿನ ಮರಳು ಅರೆದಂಥ ಸದ್ದು ಬೇರೆ ಎಂಬುದು ತಿಳಿಯುತ್ತದೆ. ಟೈರಿನ ಮೇಲು ಕೆಳಗನ್ನು ಹಿಡಿದು ಅಲುಗಿಸಿದಾಗ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ನಟ್ಟು ಸಡಿಲವಾಗಿದೆ ಅಥವಾ ಬೇರಿಂಗು ಸವೆದಿದೆ ಎಂದರ್ಥ.

ನಡುವಿನ ಧೂಳುಮುಚ್ಚಳ, ಕಾಟರ್ ಪಿನ್, ನಟ್ಟು, ವಾಷರ್ ತೆಗೆದು, ಹೊರಬೇರಿಂಗು ಜಾರಿಬೀಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಡ್ರಮ್ಮನ್ನು ಹೊರಗೆಳೆದರೆ ಬ್ರೇಕಿನ ಇಡೀ ಸಂಸಾರ ಕಾಣಸಿಗುತ್ತದೆ. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದುವುದು ಶ್ವಾಸಕೋಶಕ್ಕೆ ಅಪಾಯ. ಮುಖವಾಡ ಧರಿಸಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಬೇಕು. ಶೂಗಳಲ್ಲಿ ಮುಂಬದಿಯದಕ್ಕೆ ಚಿಕ್ಕ ಲೈನಿಂಗ್, ಹಿಂಬದಿಯದಕ್ಕೆ ಉದ್ದನೆಯದು ಇರುವುದು ದೋಷವಲ್ಲ, ವಿನ್ಯಾಸ. ಅದೇ ಕಾರಣಕ್ಕೆ ಎಡಬಲಗಳ ಜೋಡಣೆಗಳನ್ನು ಅದಲುಬದಲು ಮಾಡಬಾರದು. ಲೈನಿಂಗ್ 1.6 ಮಿಲಿಮೀಟರಿಗಿಂತ (ಇಂಚಿನ ಹದಿನಾರನೆಯ ಒಂದು ಭಾಗ) ತೆಳುವಾಗಿದ್ದರೆ, ಸೀಳಿದ್ದರೆ ಅಥವಾ ಗ್ರೀಸ್ ಕುಡಿದಿದ್ದರೆ ಬದಲಿಸುವುದೊಂದೇ ದಾರಿ. ಗ್ರೀಸ್ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು, ಮರಳುಕಾಗದದಿಂದ ಉಜ್ಜಿ ಮತ್ತೆ ಕೂರಿಸುವ ಮಿತವ್ಯಯ ನಮ್ಮ ಕಡೆಯ ಗ್ಯಾರೇಜುಗಳಿಗೂ ಅಪರಿಚಿತವಲ್ಲ. ಆದರೆ ರಂಧ್ರಗಳೊಳಗೆ ಇಳಿದ ಗ್ರೀಸ್ ಶೂ ಕಾದಾಗ ಮತ್ತೆ ಮೇಲಕ್ಕೆ ಬರುವುದರಿಂದ ಅದು ಉಳಿತಾಯವಲ್ಲ. ಒಂದು ಬದಿ ಬದಲಿಸಿದರೆ ಅದೇ ಅಚ್ಚಿನ ಇನ್ನೊಂದು ಬದಿಯದನ್ನೂ ಬದಲಿಸಬೇಕು, ಇಲ್ಲವಾದರೆ ಬ್ರೇಕು ಹಿಡಿದಾಗಲೆಲ್ಲ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ವಿದ್ಯುತ್ಕಾಂತದ ಮುಖವೂ ಸವೆಯುವ ವಸ್ತುವೇ. ನೇರವಾದ ಉಕ್ಕಿನ ಪಟ್ಟಿಯನ್ನು ಅದರ ಮೇಲಿಟ್ಟು ನೋಡಿದಾಗ ಸವೆತ ಸಮನಾಗಿರಬೇಕು. ಓರೆಯಾಗಿದ್ದರೆ ಸನ್ನೆಯ ಗೂಟ ಸಡಿಲಗೊಂಡು ಕಾಂತ ವಾಲುತ್ತಿದೆ ಎಂದೂ, ಒಳಗಿನ ತಾಮ್ರದ ಸುರುಳಿ ಕಾಣುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ ಎಂದೂ ತಿಳಿಯಬೇಕು. ಕಾಂತ ಅಂಟುವ ಡ್ರಮ್ಮಿನ ಚಪ್ಪಟೆ ಮುಖದಲ್ಲಿ ಆಳವಾದ ಗೀರುಗಳಿದ್ದರೆ ಹೊಸ ಕಾಂತವನ್ನೂ ಅವು ಬೇಗನೆ ತಿಂದುಹಾಕುವುದರಿಂದ ಮುಖವನ್ನು ಲೇತಿನಲ್ಲಿ ಸಮಮಾಡಿಸಬೇಕಾಗುತ್ತದೆ. ಡ್ರಮ್ಮಿನ ಒಳಗೋಡೆಯನ್ನೂ ಹೀಗೆ ಕೆತ್ತಿಸಬಹುದು, ಆದರೆ 10 ಇಂಚಿನ ಡ್ರಮ್ಮು 10.090 ಇಂಚನ್ನೂ 12 ಇಂಚಿನದು 12.090 ಇಂಚನ್ನೂ ಮೀರಬಾರದು.

ಇನ್ನು ಬೇರಿಂಗು. ಹಳೆಯ ಗ್ರೀಸನ್ನು ಒರೆಸಿ ತೆಗೆಯುವಾಗಲೇ ಅದರ ಬಣ್ಣವನ್ನು ಗಮನಿಸಬೇಕು: ಹಾಲು ಬೆರೆತಂತೆ ಬಿಳಿಚಿದ್ದರೆ ನೀರು ಸೇರಿದೆ, ಕಪ್ಪಾಗಿ ಗಟ್ಟಿಯಾಗಿದ್ದರೆ ಅತಿಯಾಗಿ ಕಾದಿದೆ, ಬೆಳ್ಳಿಯ ಕಣಗಳು ಮಿನುಗುತ್ತಿದ್ದರೆ ಲೋಹ ಸವೆದು ಬರುತ್ತಿದೆ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಅಥವಾ ದ್ರಾವಕದಲ್ಲಿ ತೊಳೆದು ಪೂರ್ತಿ ಒಣಗಲು ಬಿಡಬೇಕು. ಗಾಳಿಯ ರಭಸದಿಂದ ರೋಲರುಗಳನ್ನು ಗಿರಗಿರನೆ ತಿರುಗಿಸುವುದು ನೋಡಲು ಮೋಜೆನಿಸಿದರೂ, ಗ್ರೀಸಿಲ್ಲದ ಲೋಹವನ್ನು ಲೋಹದ ಮೇಲೆ ಉಜ್ಜಿದಂತೆ. ಬಳಿಕ ಒಳ್ಳೆಯ ಬೆಳಕಿನಲ್ಲಿ ಒಂದೊಂದು ರೋಲರನ್ನೂ, ಡ್ರಮ್ಮಿನೊಳಗೆ ಬಿಗಿಯಾಗಿ ಕೂತ ರೇಸ್ ಎಂಬ ಹೊರಬಳೆಯನ್ನೂ ಪರೀಕ್ಷಿಸಬೇಕು. ಉಗುರು ಎಳೆದರೆ ಸಿಕ್ಕಿಕೊಳ್ಳುವ ಗುಳಿ, ಪದರು ಎದ್ದ ಜಾಗ, ಶಾಖದಿಂದ ಬಂದ ನೀಲಿ ಛಾಯೆ, ಸಮಾನ ಅಂತರದಲ್ಲಿ ಕಾಣುವ ಒತ್ತುಗುರುತು ಇವುಗಳಲ್ಲಿ ಯಾವುದು ಕಂಡರೂ ಬೇರಿಂಗನ್ನೂ ರೇಸನ್ನೂ ಜೊತೆಯಾಗಿಯೇ ಬದಲಿಸಬೇಕೇ ಹೊರತು, ಸವೆದ ರೇಸಿನೊಳಗೆ ಹೊಸ ಬೇರಿಂಗು ಕೂರಿಸುವುದರಿಂದ ಪ್ರಯೋಜನವಿಲ್ಲ. ತೊಳೆದ ಬೇರಿಂಗುಗಳು ಯಾವ ಗಾಲಿಯವೋ ಅದೇ ಗಾಲಿಗೆ ಹಿಂದಿರುಗಬೇಕು, ಏಕೆಂದರೆ ಪ್ರತಿ ಜೋಡಿಯೂ ಪರಸ್ಪರ ಸವೆದು ಹೊಂದಿಕೊಂಡಿರುತ್ತದೆ.

ಗ್ರೀಸ್ ಆಯ್ಕೆಯಲ್ಲಿ ಲಿಥಿಯಂ ಕಾಂಪ್ಲೆಕ್ಸ್ ಬಗೆಯ, ಗಟ್ಟಿತನದಲ್ಲಿ 2ನೇ ದರ್ಜೆಯ, ಅಧಿಕ ಉಷ್ಣತೆ ತಾಳುವ ಚಕ್ರದ ಬೇರಿಂಗ್ ಗ್ರೀಸ್ ಎಂಬಷ್ಟು ನೋಡಿದರೆ ಸಾಕು, ಬಣ್ಣ ಮುಖ್ಯವಲ್ಲ. ಬೇರೆ ಬೇರೆ ಮೂಲದ ಗ್ರೀಸುಗಳು ಬೆರೆತಾಗ ನೀರಾಗಿ ಹರಿದುಹೋಗುವ ಸಾಧ್ಯತೆ ಇರುವುದರಿಂದ ಹಳೆಯದನ್ನು ಪೂರ್ತಿ ತೆಗೆದೇ ಹೊಸದನ್ನು ಹಾಕಬೇಕು. ಅಂಗೈಯಲ್ಲಿ ಗ್ರೀಸಿನ ಮುದ್ದೆಯಿಟ್ಟುಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಕೆರೆಯುತ್ತ, ರೋಲರುಗಳ ನಡುವಿನಿಂದ ಇನ್ನೊಂದು ಬದಿಗೆ ಗ್ರೀಸ್ ಉಕ್ಕಿ ಬರುವವರೆಗೆ ಸುತ್ತಲೂ ತುಂಬಿಸುವ ಹಳೆಯ ವಿಧಾನಕ್ಕೆ ಸಮನಾದ ಇನ್ನೊಂದು ವಿಧಾನ ಇನ್ನೂ ಬಂದಿಲ್ಲವೆನ್ನಬಹುದು. ಸೀಲನ್ನು ಮಾತ್ರ ಪ್ರತಿಸಲವೂ ಹೊಸದೇ ಹಾಕಬೇಕು. ಬಿಚ್ಚುವಾಗ ಅದು ಬಾಗಿಯೇ ಬರುತ್ತದೆ, ಮತ್ತು ಅದರ ಬೆಲೆ ಅದು ಹಾಳುಮಾಡಬಲ್ಲ ಶೂಗಳ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಹೊಸ ಸೀಲಿನ ಅಂಚಿಗೆ ಚೂರು ಗ್ರೀಸ್ ಸವರಿ, ಮೇಲೆ ಮರದ ಹಲಗೆಯ ತುಂಡಿಟ್ಟು, ಸಮನಾಗಿ ತಟ್ಟಿ ಕೂರಿಸಬೇಕು.

ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ನಟ್ಟು ಬಿಗಿಮಾಡುವಾಗ. ಬಿಗಿಯಾದಷ್ಟೂ ಒಳ್ಳೆಯದೆಂಬ ಭಾವನೆ ಇಲ್ಲಿ ನೇರವಾಗಿ ಅನಾಹುತಕ್ಕೆ ದಾರಿ. ಡ್ರಮ್ಮನ್ನು ತಿರುಗಿಸುತ್ತಲೇ ನಟ್ಟನ್ನು ಸುಮಾರು 50 ಪೌಂಡ್-ಅಡಿ (68 ನ್ಯೂಟನ್-ಮೀಟರ್) ಬಲದಿಂದ ಬಿಗಿಮಾಡುವುದು ಬೇರಿಂಗುಗಳು ಸ್ವಸ್ಥಾನದಲ್ಲಿ ಕೂರಲೆಂದು ಮಾತ್ರ. ನಂತರ ಡ್ರಮ್ಮು ತಿರುಗದಂತೆ ಹಿಡಿದು ನಟ್ಟನ್ನು ಸಡಿಲಿಸಿ, ಪಾನಾ ಬಿಟ್ಟು ಬರಿ ಬೆರಳಿನಿಂದ ತಾಗುವಷ್ಟು ತಿರುಗಿಸಿ, ಕಾಟರ್ ಪಿನ್ನಿನ ರಂಧ್ರ ಸಿಗುವವರೆಗೆ ತುಸು ಹಿಂದಕ್ಕೆ ತಿರುಗಿಸಿ ಪಿನ್ ಹಾಕಬೇಕು. ಆಗ ನಟ್ಟು ಪಿನ್ನಿನ ಮಿತಿಯೊಳಗೆ ಬೆರಳಿಗೆ ಅಲುಗಾಡುತ್ತಿರಬೇಕು, ಡ್ರಮ್ಮಿಗೆ 0.025ರಿಂದ 0.25 ಮಿಲಿಮೀಟರಿನಷ್ಟು ಆಟ ಉಳಿಯಬೇಕು. ಪಿನ್ ಪ್ರತಿಸಲವೂ ಹೊಸದಿರಬೇಕು. ಪಿನ್ನಿನ ಬದಲು ತಗಡಿನ ತಡೆ ಇರುವ ಅಚ್ಚುಗಳೂ ಉಂಟು. ಬಿಚ್ಚುವಾಗಲೇ ಜೋಡಣೆಯ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು.

ಈಗಿನ ಅನೇಕ ಅಚ್ಚುಗಳ ತುದಿಯಲ್ಲಿ, ರಬ್ಬರಿನ ಮುಚ್ಚಳದ ಹಿಂದೆ, ಗ್ರೀಸ್ ನಿಪ್ಪಲ್ ಒಂದಿರುತ್ತದೆ. ಈಜಿ ಲೂಬ್ ಎಂದು ಕರೆಯುವ ಈ ಏರ್ಪಾಡಿನಲ್ಲಿ ಗ್ರೀಸ್ ಗನ್ನಿನಿಂದ ಒತ್ತಿದ ಗ್ರೀಸ್ ಸ್ಪಿಂಡಲ್ಲಿನ ನಡುವಿನ ರಂಧ್ರದ ಮೂಲಕ ಮೊದಲು ಒಳಬೇರಿಂಗಿನ ಹಿಂದಕ್ಕೆ ಹೋಗಿ, ಅಲ್ಲಿಂದ ಎರಡೂ ಬೇರಿಂಗುಗಳನ್ನು ಹಾದು ಹೊರಬರುತ್ತದೆ. ಡ್ರಮ್ಮನ್ನು ತಿರುಗಿಸುತ್ತ, ಕೈಗನ್ನಿನಿಂದ, ನಿಧಾನವಾಗಿ ಒತ್ತಿದರೆ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಅವಸರದಿಂದ ಒತ್ತಿದ ಗ್ರೀಸ್ ಸೀಲನ್ನು ದಾಟಿ ಶೂಗಳ ಮೇಲೆ ಹರಿದುಬಿಟ್ಟರೆ, ಹೊರಗಿನಿಂದ ನೋಡುವವನಿಗೆ ಅದು ಕಾಣುವುದೂ ಇಲ್ಲ. ನಿಪ್ಪಲ್ ಇರುವುದರಿಂದ ಡ್ರಮ್ಮು ಬಿಚ್ಚಬೇಕಾಗಿಲ್ಲ ಎಂಬ ವಾದವನ್ನು ಒಪ್ಪುವುದು ಕಷ್ಟ. ಗ್ರೀಸ್ ತುಂಬಬಹುದು, ಆದರೆ ರೇಸಿನ ಗುಳಿಯನ್ನು ನಿಪ್ಪಲ್ಲಿನ ಮೂಲಕ ನೋಡಲಾಗದು.

ಡ್ರಮ್ಮು ಕೂರಿಸಿದ ನಂತರ ಶೂಗಳ ಅಂತರವನ್ನು ಸರಿಪಡಿಸಬೇಕು. ಹಿಂದಿನ ತಟ್ಟೆಯ ಕೆಳಗಿರುವ ಸಂದಿಯೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ, ಹಲ್ಲುಗಾಲಿಯನ್ನು ತಿರುಗಿಸುತ್ತ, ಗಾಲಿ ಬಹಳ ಬಿಗಿಯಾಗುವವರೆಗೆ ಶೂಗಳನ್ನು ಹರಡಿ, ಬಳಿಕ ಲಘುವಾಗಿ ಸವರುತ್ತ ಸಲೀಸಾಗಿ ತಿರುಗುವಷ್ಟು ಹಿಂತಿರುಗಿಸಬೇಕು. ಮುಂದಕ್ಕೆ ಓಡುವಾಗಲೇ ತಾನಾಗಿ ಹೊಂದಿಕೊಳ್ಳುವ ಬ್ರೇಕುಗಳಿಗೆ ಈ ನಿಯತಕಾಲಿಕ ಶ್ರಮ ಬೇಕಿಲ್ಲ.

ಯಾಂತ್ರಿಕ ಭಾಗಗಳೆಲ್ಲ ಸರಿಯಿದ್ದೂ ಬ್ರೇಕು ಹಿಡಿಯದಿದ್ದರೆ ದೋಷ ಬಹುತೇಕ ತಂತಿಯಲ್ಲಿರುತ್ತದೆ. 10 ಅಥವಾ 12 ಇಂಚಿನ ಬ್ರೇಕಿನ ಕಾಂತದ ಎರಡು ತಂತಿಗಳ ನಡುವೆ ಸುಮಾರು 3.2 ಓಮ್ ರೋಧ ಕಾಣಿಸಬೇಕು, ಮತ್ತು 12 ವೋಲ್ಟಿನಲ್ಲಿ ಪ್ರತಿ ಕಾಂತ ಹೆಚ್ಚುಕಡಿಮೆ 3 ಆಂಪಿಯರ್ ಎಳೆಯಬೇಕು. ಈ ಲೆಕ್ಕ ಗೊತ್ತಿದ್ದರೆ ಒಂದೇ ಅಳತೆಯಿಂದ ಬಹಳಷ್ಟು ತಿಳಿಯುತ್ತದೆ: ಎರಡು ಅಚ್ಚುಗಳ, ಅಂದರೆ ನಾಲ್ಕು ಗಾಲಿಗಳ ಟ್ರೇಲರಿನಲ್ಲಿ ನೀಲಿ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಬ್ರೇಕನ್ನು ಪೂರ್ತಿ ಒತ್ತಿದಾಗ 12 ಆಂಪಿಯರ್ ಬಂದರೆ ಎಲ್ಲವೂ ಸರಿ, 9 ಬಂದರೆ ಒಂದು ಗಾಲಿಯ ಸಂಪರ್ಕ ಕಡಿದಿದೆ, ಎಲ್ಲ ಕಾಂತಗಳ ರೋಧ ಸರಿಯಿದ್ದೂ 8ರ ಆಸುಪಾಸಿನಲ್ಲಿ ನಿಂತರೆ ತುಕ್ಕು ಹಿಡಿದ ಜೋಡಣೆಯಲ್ಲಿಯೋ ತೆಳುವಾದ ತಂತಿಯಲ್ಲಿಯೋ ವೋಲ್ಟೇಜ್ ಸೋರಿಹೋಗುತ್ತಿದೆ. ಬಲಗಾಲಿಗೆ ಹೋಗುವ ತಂತಿಯನ್ನು ಕೆಲವು ಗಾಡಿಗಳಲ್ಲಿ ಅಚ್ಚಿನ ಪೊಳ್ಳು ಕೊಳವೆಯೊಳಗಿನಿಂದಲೇ ಹಾಯಿಸಿರುತ್ತಾರೆ. ಕುಲುಕಾಟದಲ್ಲಿ ಅದು ಲೋಹಕ್ಕೆ ಉಜ್ಜಿ, ಹೊದಿಕೆ ಸವೆದು, ಆಗೊಮ್ಮೆ ಈಗೊಮ್ಮೆ ಮಾತ್ರ ಶಾರ್ಟ್ ಆಗಿ, ಕಂಟ್ರೋಲರಿನ ಪರದೆಯಲ್ಲಿ ಅರ್ಥವಾಗದ ಎಚ್ಚರಿಕೆಗಳನ್ನು ಮೂಡಿಸುತ್ತದೆ. ಹೊಸ ತಂತಿಯನ್ನು ಕೊಳವೆಯ ಹೊರಗೆ ಕವಚದೊಳಗಿಟ್ಟು ಕಟ್ಟುವುದು ಇದಕ್ಕೆ ಶಾಶ್ವತ ಪರಿಹಾರ.

ಕೊಂಡಿ ಕಳಚಿ ಟ್ರೇಲರು ಬೇರ್ಪಟ್ಟರೆ ತಾನಾಗಿ ಬ್ರೇಕು ಹಿಡಿಸುವ ಬ್ರೇಕ್‌ಅವೇ ಸ್ವಿಚ್ ಪ್ರತ್ಯೇಕ ಗಮನ ಬೇಡುತ್ತದೆ. ಅದರ ಕೇಬಲ್ಲನ್ನು ಸುರಕ್ಷತಾ ಸರಪಳಿಗಾಗಲಿ, ಕಳಚಿ ತೆಗೆಯಬಹುದಾದ ಕೊಂಡಿಯ ತುಂಡಿಗಾಗಲಿ ಕಟ್ಟದೆ, ವಾಹನದ ಚೌಕಟ್ಟಿಗೆ ಬಿಡಿಯಾಗಿ ಕಟ್ಟಬೇಕು. ಪರೀಕ್ಷಿಸುವಾಗ ವಾಹನದ ಪ್ಲಗ್ ಕಿತ್ತು (ಇಲ್ಲದಿದ್ದರೆ ಹಿಮ್ಮುಖ ವಿದ್ಯುತ್ತಿನಿಂದ ಕಂಟ್ರೋಲರ್ ಕೆಡಬಹುದು), ಪಿನ್ ಎಳೆದು, ಎತ್ತಿದ ಗಾಲಿಯನ್ನು ತಿರುಗಿಸಿ ನೋಡಿ, ಕೂಡಲೇ ಪಿನ್ ಹಿಂದಕ್ಕೆ ಹಾಕಬೇಕು. ಇದು ಟ್ರೇಲರಿನ ಬ್ಯಾಟರಿಯಿಂದ ನಡೆಯುವುದರಿಂದ ಬ್ಯಾಟರಿ ಸತ್ತಿದ್ದರೆ ಸ್ವಿಚ್ ಇದ್ದೂ ಇಲ್ಲದಂತೆ. ನಿಲುಗಡೆಯ ಬ್ರೇಕಾಗಿ ಇದನ್ನು ಬಳಸಿದರೆ ಬ್ಯಾಟರಿ ಬರಿದಾಗುವುದರ ಜೊತೆಗೆ ಕಾಂತಗಳೂ ಸುಡುತ್ತವೆ.

ರಸ್ತೆಗಿಳಿದ ಮೇಲೆ ಮೊದಲ ಕೆಲಸ ಕಂಟ್ರೋಲರಿನ ಹೊಂದಾಣಿಕೆ. ವಾಹನಸಂಚಾರವಿಲ್ಲದ ಒಣ ರಸ್ತೆಯಲ್ಲಿ ಗಂಟೆಗೆ 25 ಮೈಲಿಯ (40 ಕಿ.ಮೀ.) ಆಸುಪಾಸಿನ ವೇಗದಲ್ಲಿ, ಪೆಡಲ್ ಮುಟ್ಟದೆ, ಕಂಟ್ರೋಲರಿನ ಕೈಸನ್ನೆಯನ್ನು ಮಾತ್ರ ಒತ್ತಿ, ಟ್ರೇಲರಿನ ಗಾಲಿಗಳು ಜಾರಿ ನಿಲ್ಲುವ ಮಟ್ಟವನ್ನು ಗುರುತಿಸಿ, ಅದಕ್ಕಿಂತ ತುಸು ಕಡಿಮೆಗೆ ನಿಲ್ಲಿಸಬೇಕು. ಶೂ ಹೊಸದಾಗಿದ್ದರೆ 40 ಮೈಲಿಯಿಂದ 20 ಮೈಲಿ ವೇಗಕ್ಕೆ ಇಳಿಸುವಂತೆ ನಡುನಡುವೆ ತಣಿಯಲು ಬಿಟ್ಟು ಹಲವಾರು ಸಲ ಬ್ರೇಕು ಹಿಡಿದ ಬಳಿಕವೇ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಂಡು ಪೂರ್ಣ ಹಿಡಿತ ಬರುತ್ತದೆ. ಕೊಲರಾಡೋದ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ 11,000 ಅಡಿಗೂ ಎತ್ತರದ ಐಸೆನ್‌ಹೋವರ್ ಸುರಂಗದಿಂದ ಕೆಳಗಿಳಿಯುವಂಥ ಕಡೆ, ಉತ್ತಮ ಸ್ಥಿತಿಯ ಬ್ರೇಕೂ ಸತತ ಒತ್ತಡ ತಾಳದು. ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದ, ಮೇಲಿನಿಂದಲೇ ಕೆಳ ಗೇರಿನಲ್ಲಿ ಇಳಿಯತೊಡಗಿ, ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯಬೇಕು. ಇಳಿದ ಮೇಲೆ ನಿಲ್ಲುವ ಮೊದಲ ಜಾಗದಲ್ಲಿ ಅತಿಗೆಂಪು ತಾಪಮಾಪಕವನ್ನು ಪ್ರತಿ ಡ್ರಮ್ಮಿಗೂ ಹಿಡಿದು ಹೋಲಿಸಿದರೆ, ಉಳಿದವಕ್ಕಿಂತ ಬಹಳ ಬಿಸಿಯಾಗಿರುವ ಗಾಲಿಯಲ್ಲಿ ಶೂ ಅಂಟಿಕೊಂಡಿದೆ ಅಥವಾ ಬೇರಿಂಗು ಕೆಡುತ್ತಿದೆ ಎಂದು ಊಹಿಸಬಹುದು. ಉಳಿದವುಗಳ ಜೊತೆಗೆ ಕಾಯದೆ ತಣ್ಣಗೇ ಉಳಿದ ಗಾಲಿಯೂ ಅಷ್ಟೇ ಅನುಮಾನಾಸ್ಪದ. ಅದು ಬ್ರೇಕು ಹಿಡಿಯುತ್ತಲೇ ಇಲ್ಲ.

ರಸ್ತೆಗಿಳಿಯುವ ಮುನ್ನ ಗಾಲಿಯನ್ನು ಮರಳಿ ಜೋಡಿಸುವಾಗ ಅದರ ನಟ್ಟುಗಳನ್ನು ಒಂದರ ಪಕ್ಕದ್ದೊಂದಾಗಿ ಬಿಗಿಮಾಡದೆ, ಎದುರುಬದುರಾಗಿ, ಮೂರು ಹಂತಗಳಲ್ಲಿ, ಟಾರ್ಕ್ ಪಾನಾದಿಂದ ಬಿಗಿಮಾಡಬೇಕು. ಅರ್ಧ ಇಂಚಿನ ಬೋಲ್ಟುಗಳಿಗೆ ಸಾಮಾನ್ಯ ಮಿತಿ 90ರಿಂದ 120 ಪೌಂಡ್-ಅಡಿ, ಅಂದರೆ ಸುಮಾರು 122ರಿಂದ 163 ನ್ಯೂಟನ್-ಮೀಟರ್. ಹೊಸದಾಗಿ ಕೂರಿಸಿದ ಗಾಲಿ ತನ್ನ ಜಾಗದಲ್ಲಿ ಒತ್ತಿ ಕೂರುವಾಗ ನಟ್ಟುಗಳು ತುಸು ಸಡಿಲಗೊಳ್ಳುವುದು ಸಹಜವಾದ್ದರಿಂದ, 10, 25 ಮತ್ತು 50 ಮೈಲಿಗಳ ನಂತರ ಗಾಡಿ ನಿಲ್ಲಿಸಿ ಅದೇ ಪಾನಾದಿಂದ ಇನ್ನೊಮ್ಮೆ ನೋಡಬೇಕು. ಅಲ್ಯೂಮಿನಿಯಂ ಗಾಲಿಗಳಾಗಿದ್ದರಂತೂ ಈ ಮೂರು ನಿಲುಗಡೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ.